ಹಬ್ಬ ನಮ್ಮದು, ನಿಯಮ ಈ ಊರಿನದು: ಕಾಸರಗೋಡಿನ ಮನೆಗಳಿಗೆ ಅಲಂಕಾರದ ಮಾರ್ಗದರ್ಶಿ

ದೀಪಾವಳಿಗೆ ಹತ್ತು ದಿನ ಇರುವಾಗಲೇ ಪೆರ್ಲ, ಬದಿಯಡ್ಕ, ಕುಂಬಳೆ ಪೇಟೆಯ ಅಂಗಡಿಗಳ ಎದುರು ಗೂಡುದೀಪ ನೇತಾಡಲು ಶುರುವಾಗುತ್ತದೆ. ಅದು ಖಾಲಿಯಾಗುವಷ್ಟರಲ್ಲಿ ಅದೇ ಅಂಗಡಿಯ ಅದೇ ಕೊಕ್ಕೆಗೆ ಕ್ರಿಸ್ಮಸ್ ನಕ್ಷತ್ರ ಬಂದಿರುತ್ತದೆ. ನಬಿದಿನ ಬಂತೆಂದರೆ ಮಸೀದಿ ದಾರಿಯ ಮನೆಗಳ ಗೇಟಿನಲ್ಲಿ ಹಸಿರು ಬಲ್ಬಿನ ಮಾಲೆ. ಓಣಂಗೆ ಅಂಗಳದಲ್ಲಿ ಹೂವಿನ ಕಳ. ಒಂದೇ ದಾರಿಯಲ್ಲಿ ನಡೆದರೆ ವರ್ಷವಿಡೀ ಎಲ್ಲರ ಹಬ್ಬವನ್ನೂ ನೋಡಬಹುದು. ನನಗೆ ನಮ್ಮೂರಿನಲ್ಲಿ ಬಹಳ ಇಷ್ಟವಾದದ್ದು ಇದೇ.

ಆದರೆ ಪ್ರತಿ ಹಬ್ಬಕ್ಕೂ ಅದೇ ಪ್ರಶ್ನೆಗಳು ಬರುತ್ತವೆ. ಪಟಾಕಿ ಎಷ್ಟು ಗಂಟೆವರೆಗೆ ಬಿಡಬಹುದು? ರಸ್ತೆ ಬದಿಯ ಕಂಬಕ್ಕೆ ಲೈಟ್ ಕಟ್ಟಬಹುದಾ? ಥರ್ಮಾಕೋಲ್ ಮಂಟಪ ಮಾಡಿದರೆ ಏನಾಗುತ್ತದೆ? ಉತ್ತರ ಸಿಗುವುದು ಮಾತ್ರ ಹೆಚ್ಚಾಗಿ ಮಂಗಳೂರಿನ ಪತ್ರಿಕೆಯಿಂದ, ಇಲ್ಲವೇ ವಾಟ್ಸಾಪಿನಲ್ಲಿ ಬಂದ ಯಾವುದೋ ಮೆಸೇಜಿನಿಂದ. ಅದರಲ್ಲಿ ಇರುವುದು ಕರ್ನಾಟಕದ ನಿಯಮ. ನಾವು ಬಟ್ಟೆ ತರುವುದು ಮಂಗಳೂರಿನಿಂದ, ಪಂಚಾಂಗ ನೋಡುವುದು ಅಲ್ಲಿಯದ್ದನ್ನೇ. ಆದರೆ ಗಡಿಯ ತಲಪಾಡಿ ದಾಟಿ ಈಚೆ ಬಂದರೆ ಕರೆಂಟು ಮೆಸ್ಕಾಂನದ್ದಲ್ಲ, ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯದ್ದು. ಪಂಚಾಯತು ನಡೆಯುವುದು ಕೇರಳದ ಕಾಯ್ದೆಯಲ್ಲಿ. ಇಲ್ಲಿನ ನೋಟೀಸು ಬರುವುದು ಹೆಚ್ಚಾಗಿ ಮಲಯಾಳದಲ್ಲಿ, ಹಾಗಾಗಿ ನಮ್ಮ ಹಿರಿಯರಿಗೆ ಅದು ತಲುಪುವುದೇ ಇಲ್ಲ. ಈ ಲೇಖನ ಬರೆಯಲು ಅದೇ ಕಾರಣ. ಕೇಂದ್ರದ ನಿಯಮ ಎಲ್ಲಿದೆ, ಕೇರಳದ ನಿಯಮ ಎಲ್ಲಿದೆ, ಮನೆಯವರಾಗಿ ನಾವು ಏನು ಮಾಡಬೇಕು ಎಂಬುದನ್ನು ಕೆಲಸದ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ಹೆಜ್ಜೆ: ಬೇಲಿಯ ಸುತ್ತ ಒಂದು ಸುತ್ತು ನಡೆಯಿರಿ

ಅಂಗಡಿಗೆ ಹೋಗುವ ಮೊದಲು ಇದನ್ನು ಮಾಡಿ. ಹಗಲು ಹೊತ್ತಿನಲ್ಲಿ ಮನೆಯ ಸುತ್ತ ಒಮ್ಮೆ ನಡೆದು ಮೂರು ವಿಷಯ ನೋಡಿಕೊಳ್ಳಿ. ನಿಮ್ಮ ಜಾಗ ಎಲ್ಲಿಗೆ ಮುಗಿಯುತ್ತದೆ? ಕರೆಂಟಿನ ಲೈನು ಎಲ್ಲಿ ಹಾದುಹೋಗುತ್ತದೆ? ಯಾವ ಮನೆಯ ಕಿಟಕಿ ನಿಮ್ಮ ಅಂಗಳಕ್ಕೆ ತೆರೆಯುತ್ತದೆ?

ಕಂಪೌಂಡಿನ ಒಳಗೆ ನೀವು ತೋರಣ ಕಟ್ಟಿ, ನಕ್ಷತ್ರ ಹಾಕಿ, ಬಲೀಂದ್ರನನ್ನು ನಿಲ್ಲಿಸಿ, ಗೋದಲಿ ಮಾಡಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಗೇಟಿನಿಂದ ಆಚೆ ಎಲ್ಲವೂ ಬೇರೆಯವರದ್ದು. ಪಂಚಾಯತು ರಸ್ತೆ ಪಂಚಾಯತಿನದ್ದು, ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಮಂಜೇಶ್ವರ, ಉಪ್ಪಳ, ಕುಂಬಳೆಯ ಮೂಲಕ ಹೋಗುವ 66ನೇ ನಂಬರಿನ ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಕಂಬ ಕೆಎಸ್‌ಇಬಿಯದ್ದು. ನಮ್ಮ ಮನೆ ಎದುರೇ ಇದೆ ಎಂಬ ಕಾರಣಕ್ಕೆ ಅದು ನಮ್ಮದಾಗುವುದಿಲ್ಲ.

ರಸ್ತೆಗೆ ಅಡ್ಡವಾಗಿ ಕಮಾನು ಹಾಕುವುದು, ಬ್ಯಾನರ್ ಕಟ್ಟುವುದು, ಮಾರ್ಗದ ಬದಿಯಲ್ಲಿ ಶುಭಾಶಯದ ಬೋರ್ಡು ನಿಲ್ಲಿಸುವುದು ಇವೆಲ್ಲ ಕೇರಳದಲ್ಲಿ ಈಗ ಬಹಳ ಕಟ್ಟುನಿಟ್ಟು. 2018ರಿಂದ ಕೇರಳ ಹೈಕೋರ್ಟು ಇದರ ಬಗ್ಗೆ ಮತ್ತೆ ಮತ್ತೆ ಆದೇಶ ಕೊಟ್ಟಿದೆ. ಅನುಮತಿ ಇಲ್ಲದ ಬೋರ್ಡನ್ನು ತೆಗೆಸುವುದು, ಹಾಕಿದವರಿಗೆ ದಂಡ ಹಾಕುವುದು ಪಂಚಾಯತು ಕಾರ್ಯದರ್ಶಿಯ ಹೊಣೆ. ತೆಗೆಸದಿದ್ದರೆ ಕೋರ್ಟು ಅವರನ್ನೇ ಕೇಳುತ್ತದೆ. ಹಾಗಾಗಿ ಕಾರ್ಯದರ್ಶಿ ಬಂದು ತೆಗೆಯಿರಿ ಎಂದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರು ನಮ್ಮ ಹಬ್ಬಕ್ಕೆ ವಿರೋಧಿಗಳಲ್ಲ.

ಎರಡನೇ ಹೆಜ್ಜೆ: ಕರೆಂಟು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಕಾರಣ ಇದೆ.

ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ನಾನೇ ಗೇಟಿಗೆ ಬಲ್ಬಿನ ಮಾಲೆ ಸುತ್ತಿದ್ದೆ. ಕಬ್ಬಿಣದ ಗೇಟು. ಎರಡು ಮಾಲೆಗಳ ವಯರನ್ನು ತಿರುಚಿ ಜೋಡಿಸಿ ಮೇಲಿಂದ ಕಾಗದ ಅಂಟಿಸುವ ಪಾರದರ್ಶಕ ಟೇಪ್ ಸುತ್ತಿದೆ. ನೋಡಲು ಚಂದ ಇತ್ತು. ಸಂಜೆ ಒಂದು ಗಳಿಗೆ ತುಲಾ ಮಳೆ ಹೊಡೆಯಿತು. ಮಳೆ ನಿಂತ ಮೇಲೆ ಆಚೆ ಮನೆಯ ಹುಡುಗ ಗೂಡುದೀಪ ನೋಡಲು ಓಡಿ ಬಂದವನು ಗೇಟಿಗೆ ಕೈ ಇಟ್ಟ. "ದೊಡ್ಡಮ್ಮಾ, ಗೇಟು ಜುಂ ಅಂತದೆ!" ಅಂದ. ಅವನ ಕಾಲಲ್ಲಿ ಚಪ್ಪಲಿ ಇತ್ತು, ಕೈ ತಕ್ಷಣ ಬಿಟ್ಟ. ಅಷ್ಟಕ್ಕೇ ಮುಗಿಯಿತು. ಟೇಪಿನ ಒಳಗೆ ನೀರು ಹೋಗಿ ತಾಮ್ರದ ತುದಿ ಗೇಟಿನ ಸಲಾಕೆಗೆ ತಾಗಿತ್ತು. ನಮ್ಮದು ಹಳೆ ಮನೆ, ಆಗ ಫ್ಯೂಸು ಮಾತ್ರ ಇತ್ತು, ಕರೆಂಟು ಸೋರಿದರೆ ಲೈನು ಕಡಿಯುವ ಆರ್‌ಸಿಸಿಬಿ ಇರಲಿಲ್ಲ. ಮರುದಿನ ಬಂದ ಲೈನ್‌ಮ್ಯಾನ್ ಹೇಳಿದ್ದು ಒಂದೇ ಮಾತು: "ಅಕ್ಕಾ, ಕಬ್ಬಿಣಕ್ಕೆ ವಯರು ಕಟ್ಟಬೇಡಿ." ಆ ಹುಡುಗನ ಮುಖ ನನಗೆ ಈಗಲೂ ಪ್ರತಿ ಹಬ್ಬಕ್ಕೂ ನೆನಪಾಗುತ್ತದೆ.

ಆದ್ದರಿಂದ ಹೀಗೆ ಮಾಡಿ.

ಮೊದಲು ಮೀಟರ್ ಬೋರ್ಡಿನ ಹತ್ತಿರ ಹೋಗಿ ಆರ್‌ಸಿಸಿಬಿ ಇದೆಯಾ ನೋಡಿ. ನಮ್ಮ ಕಡೆ ಹೆಚ್ಚಿನವರು ಅದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಅದರ ಮೇಲೆ 30 ಎಂಎ ಎಂದು ಬರೆದಿರಬೇಕು. ಅಂದರೆ 30 ಮಿಲಿ ಆಂಪಿಯರ್‌ನಷ್ಟು ಕರೆಂಟು ಎಲ್ಲಿಯಾದರೂ ಸೋರಿದರೆ ಅದು ತಾನಾಗಿ ಲೈನು ಕಡಿಯುತ್ತದೆ. ಅದರಲ್ಲಿ 'ಟಿ' ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ಒತ್ತಿ ನೋಡಿ. ಟಪ್ ಎಂದು ಬಿದ್ದರೆ ಸರಿ. ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಆರ್‌ಸಿಸಿಬಿ ಇಲ್ಲವೇ ಇಲ್ಲ ಎಂದಾದರೆ ಬಲ್ಬಿನ ಮಾಲೆಗೆ ಕೊಡುವ ದುಡ್ಡನ್ನು ಈ ವರ್ಷ ಅದಕ್ಕೇ ಹಾಕಿ. ಮಣ್ಣಿನ ಹಣತೆಯಲ್ಲಿ ಹಬ್ಬ ಮಾಡಿದರೂ ಮನೆ ಬೆಳಗುತ್ತದೆ.

ಮಾಲೆಯನ್ನು ಪ್ಲಗ್ಗಿನ ಮೂಲಕವೇ ಕೊಡಿ. ಎರಡು ವಯರಿನ ತುದಿ ಸುಲಿದು ಸಾಕೆಟ್ಟಿನ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬಿಟ್ಟುಬಿಡಿ. ಹೊರಗೆ ಹಾಕುವ ಮಾಲೆ ಹೊರಗಿನ ಬಳಕೆಗೆಂದೇ ಮಾಡಿದ್ದಾಗಿರಲಿ. ಜೋಡಣೆ ಇರುವ ಜಾಗ ಮಾಡಿನ ಅಡಿಗೆ ಬರುವ ಹಾಗೆ ನೋಡಿಕೊಳ್ಳಿ. ಜೋಡಿಸಲೇ ಬೇಕಾದರೆ ಇನ್ಸುಲೇಶನ್ ಟೇಪ್ ಬಳಸಿ. ಗೇಟು, ತಗಡಿನ ಶೀಟು, ಬಟ್ಟೆ ಒಣಗಿಸುವ ತಂತಿ, ಕಬ್ಬಿಣದ ಕಿಟಕಿ ಸರಳು ಇವುಗಳಿಗೆ ವಯರು ಸುತ್ತಬೇಡಿ. ಮರದ ಗೂಟ, ಬಿದಿರು, ಅಡಿಕೆ ಸಲಾಕೆ ಬಳಸಿ. ಅಡಿಕೆ ತೋಟ ಇರುವ ನಮಗೆ ಸಲಾಕೆಗೆ ಏನು ಬರ, ಅಲ್ವಾ?

ಒಣಗಿದ ಸಲಾಕೆ ಎಂಬುದು ಮುಖ್ಯ. ಹಸಿ ಮರದಲ್ಲೂ ಕರೆಂಟು ಹರಿಯುತ್ತದೆ.

ಇನ್ನು ಸಿಡಿಲು. ನಮ್ಮ ದೀಪಾವಳಿ ಬರುವುದೇ ತುಲಾ ಮಳೆಯ ಕಾಲದಲ್ಲಿ. ಮಧ್ಯಾಹ್ನ ಬಿಸಿಲು, ಸಂಜೆ ನಾಲ್ಕಾದ ಮೇಲೆ ಮೋಡ, ಗುಡುಗು. ಘಟ್ಟದ ಕಡೆಯಿಂದ ಗುಡುಗು ಕೇಳಿದ ಕೂಡಲೇ ಹೊರಗಿನ ಮಾಲೆಯ ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಮಳೆ ಶುರುವಾದ ಮೇಲೆ ಅಂಗಳಕ್ಕೆ ಓಡಿ ತೆಗೆಯಲು ಹೋಗಬೇಡಿ.

ನೆರೆಮನೆಯ ಖಾಲಿ ಜಾಗಕ್ಕೋ, ರಸ್ತೆಯ ಆಚೆ ಬದಿಗೋ ನಿಮ್ಮ ಮನೆಯಿಂದ ವಯರು ಎಳೆದು ಲೈಟ್ ಹಾಕುವುದು ಕೂಡದು. ಮನೆಗೆಂದು ಕೊಟ್ಟ ಕನೆಕ್ಷನ್ ಆ ಮನೆಗೆ ಮಾತ್ರ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಇಂಥದ್ದು ಅನಧಿಕೃತ ಬಳಕೆ ಎಂದಾಗುತ್ತದೆ, ದಂಡದ ಬಿಲ್ಲು ಬರುತ್ತದೆ. ಲೈನಿಗೆ ಕೊಕ್ಕೆ ಹಾಕಿದರಂತೂ ಅದು 135ನೇ ಸೆಕ್ಷನಿನ ಕಳ್ಳತನ. ಅದಕ್ಕೆ 3 ವರ್ಷದವರೆಗೆ ಸಜೆ ಇದೆ. ಊರಿನವರು ಸೇರಿ ದಾರಿಗೆ ದೀಪ ಹಾಕಬೇಕೆಂದಿದ್ದರೆ ಕೆಎಸ್‌ಇಬಿ ಸೆಕ್ಷನ್ ಆಫೀಸಿನಲ್ಲಿ ತಾತ್ಕಾಲಿಕ ಕನೆಕ್ಷನ್‌ಗೆ ಅರ್ಜಿ ಕೊಡಿ. ಹಬ್ಬದ ಹಿಂದಿನ ದಿನ ಹೋದರೆ ಆಗುವುದಿಲ್ಲ, ಮೊದಲೇ ಹೋಗಿ.

ಕಂಬಕ್ಕೆ ನಕ್ಷತ್ರ, ಬಂಟಿಂಗ್ಸ್, ಬಾವುಟ ಕಟ್ಟುವುದೂ ತಪ್ಪು. ಕಂಬ ಹತ್ತುವ ಲೈನ್‌ಮ್ಯಾನ್‌ಗೆ ಆ ಹಗ್ಗ ಅಡ್ಡವಾಗುತ್ತದೆ, ಒದ್ದೆ ಬಟ್ಟೆ ಲೈನಿಗೆ ತಾಗಿದರೆ ಜೀವಕ್ಕೇ ಅಪಾಯ. ಮಳೆಗಾಲದಲ್ಲಿ ರಾತ್ರಿ ಎರಡು ಗಂಟೆಗೆ ರಬ್ಬರ್ ತೋಟದ ನಡುವೆ ಟಾರ್ಚು ಹಿಡಿದು ಬರುವವರು ಅವರೇ.

ಬಿಲ್ಲಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಎಲ್‌ಇಡಿ ಮಾಲೆ 8 ವ್ಯಾಟ್ ಎಂದಿಟ್ಟುಕೊಳ್ಳಿ. ಎಂಟು ಮಾಲೆ ಐದು ಗಂಟೆ ಉರಿದರೆ ಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಅದೇ 15 ವ್ಯಾಟಿನ ಹಳೆ ಬಣ್ಣದ ಬಲ್ಬು ಇಪ್ಪತ್ತು ಹಾಕಿದರೆ ಅಷ್ಟೇ ಹೊತ್ತಿಗೆ ಒಂದೂವರೆ ಯೂನಿಟ್. ಇದೇನು ದೊಡ್ಡದು ಅನ್ನಿಸಬಹುದು. ಆದರೆ ಕೇರಳದಲ್ಲಿ ಮನೆಯ ಬಿಲ್ಲು ತಿಂಗಳಿಗೆ 250 ಯೂನಿಟ್‌ವರೆಗೆ ಮಾತ್ರ ಹಂತ ಹಂತದ ದರದಲ್ಲಿ ಬರುತ್ತದೆ. ಎರಡು ತಿಂಗಳ ಬಿಲ್ಲಿನಲ್ಲಿ 500 ಯೂನಿಟ್ ದಾಟಿತು ಎಂದರೆ ಮೊದಲ ಯೂನಿಟ್‌ನಿಂದಲೇ ಎಲ್ಲದಕ್ಕೂ ಮೇಲಿನ ದರ. ನಿಮ್ಮ ಹಳೆ ಬಿಲ್ಲಿನಲ್ಲಿ 480, 490 ಎಂದಿದ್ದರೆ ಕ್ರಿಸ್ಮಸ್‌ಗೆ ತಿಂಗಳಿಡೀ ಹೊರಗಿನ ಲೈಟ್ ಉರಿಸುವ ಮೊದಲು ಯೋಚಿಸಿ.

ಲೈನು ತುಂಡಾಗಿ ಬಿದ್ದದ್ದು, ಕಂಬದಲ್ಲಿ ಕಿಡಿ ಕಂಡದ್ದು ಏನೇ ಇದ್ದರೂ ಹತ್ತಿರ ಹೋಗಬೇಡಿ. ಕೆಎಸ್‌ಇಬಿಯ 1912ಕ್ಕೆ ಅಥವಾ ಅಪಾಯದ ಕರೆಗೆಂದೇ ಇರುವ 94960 10101ಕ್ಕೆ ಫೋನ್ ಮಾಡಿ.

ಮೂರನೇ ಹೆಜ್ಜೆ: ಗೂಡುದೀಪ ಎತ್ತರಕ್ಕೆ ಏರಿಸುವಾಗ

ಮನೆಯಲ್ಲೇ ಮಾಡಿದ ಗೂಡುದೀಪಕ್ಕೆ ಸಮ ಯಾವುದೂ ಇಲ್ಲ. ಬಿದಿರನ್ನು ಸಣ್ಣಗೆ ಸೀಳಿ, ಗಂಟು ಕೆತ್ತಿ ನುಣುಪು ಮಾಡಿ, ಎಂಟು ಮೂಲೆ ಬರುವ ಹಾಗೆ ನೂಲಿನಲ್ಲಿ ಬಿಗಿಯಬೇಕು. ಅದಕ್ಕೆ ಮೈದಾ ಅಂಟಿನಲ್ಲಿ ಬಣ್ಣದ ಕಾಗದ ಹಚ್ಚಬೇಕು. ಅಂಟಿಗೆ ಒಂದು ಚಿಟಿಕೆ ಮೈಲುತುತ್ತು ಹಾಕಿದರೆ ಹುಳ ತಿನ್ನುವುದಿಲ್ಲ, ಆದರೆ ಅದು ವಿಷ, ಮಕ್ಕಳ ಕೈಗೆ ಕೊಡಬೇಡಿ. ಕೆಳಗಿನ ಬಾಲಕ್ಕೆ ಕಾಗದವನ್ನು ಮಡಚಿ ಕತ್ತರಿಯಲ್ಲಿ ಒಂದು ಬಿಟ್ಟು ಒಂದು ಗೆರೆ ಕತ್ತರಿಸಿ ಬಿಡಿಸಿದಾಗ ಜಾಳಿಗೆಯ ಹಾಗೆ ಇಳಿಯುತ್ತದಲ್ಲ, ಆ ಕ್ಷಣಕ್ಕೆ ಮಕ್ಕಳು ಕಾಯುತ್ತಾ ಕೂತಿರುತ್ತಾರೆ.

ತೊಂದರೆ ಇರುವುದು ಅದನ್ನು ಏರಿಸುವ ಕೋಲಿನಲ್ಲಿ. ಈಗ ಬಹಳ ಮನೆಗಳಲ್ಲಿ ಅಡಿಕೆ ಕೊಯ್ಯುವ ಅಲ್ಯೂಮಿನಿಯಂ ದೋಟಿಯನ್ನೇ ನಿಲ್ಲಿಸಿ ಅದಕ್ಕೆ ಕಟ್ಟುತ್ತಾರೆ. ಬೇಡ. ದೋಟಿ ಲೈನಿಗೆ ತಾಗಿ ತೋಟದಲ್ಲಿ ಜೀವ ಹೋದ ಸುದ್ದಿ ನಾವು ಕೇಳುತ್ತಲೇ ಇರುತ್ತೇವೆ. ಕಬ್ಬಿಣದ ಪೈಪೂ ಬೇಡ. ಒಣ ಬಿದಿರು ನಿಲ್ಲಿಸಿ.

ಮನೆ ಕಟ್ಟುವಾಗ ಪಾಲಿಸುವ ಅಂತರ ಗೊತ್ತಿದ್ದರೆ ಒಳ್ಳೆಯದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದ ಪ್ರಕಾರ ಸಾಧಾರಣ ಮನೆ ಲೈನಿನಿಂದ ಕಟ್ಟಡಕ್ಕೆ ಬದಿಗೆ 1.2 ಮೀಟರ್, ಮೇಲಕ್ಕೆ 2.5 ಮೀಟರ್ ಜಾಗ ಇರಬೇಕು. ಹೆಚ್ಚು ವೋಲ್ಟೇಜಿನ 11 ಕೆವಿ ಲೈನಾದರೆ ಬದಿಗೆ 1.2, ಮೇಲಕ್ಕೆ 3.7 ಮೀಟರ್. ಗೂಡುದೀಪದ ಕೋಲಿಗೆ ನಾನು ಇದಕ್ಕಿಂತ ಸುಲಭದ ಲೆಕ್ಕ ಇಟ್ಟುಕೊಂಡಿದ್ದೇನೆ: ಕೋಲು ಯಾವ ದಿಕ್ಕಿಗೆ ಬಿದ್ದರೂ ತುದಿ ಲೈನಿಗೆ ತಾಗಬಾರದು. 15 ಅಡಿಯ ಕೋಲಾದರೆ ಲೈನಿನಿಂದ ಕಡಿಮೆ ಎಂದರೂ 20 ಅಡಿ ದೂರ ನೆಡಿ.

ಬಲೀಂದ್ರನ ಕಂಬಕ್ಕೂ ಇದೇ ಮಾತು. ಹಾಲೆ ಮರದ ಕಂಬ ನೆಟ್ಟು, ಹೂ ಸಿಕ್ಕಿಸಿ, ದೀಪ ಇಟ್ಟು ಕೂ ಹಾಕಿ ಕರೆಯುವ ನಮ್ಮ ಕ್ರಮಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಗದ್ದೆಗೆ, ತೋಟಕ್ಕೆ, ಹಟ್ಟಿಗೆ ಬಟ್ಟೆ ಸುತ್ತಿದ ಕೋಲುದೀಪ ಇಡುವಾಗ ಮಾತ್ರ ಬೈಹುಲ್ಲು ಎಲ್ಲಿ ಪೇರಿಸಿದ್ದೀರಿ ಎಂದು ನೋಡಿಕೊಳ್ಳಿ. ಹಟ್ಟಿಯಲ್ಲಿ ದನ ಕಟ್ಟಿರುತ್ತದೆ. ಬೆಂಕಿ ಹಿಡಿದರೆ ಅದಕ್ಕೆ ಓಡಲು ಆಗುವುದಿಲ್ಲ. ಒಂದು ಬಾಲ್ದಿ ನೀರು ಹಟ್ಟಿಯ ಬಾಗಿಲಲ್ಲಿ ಇರಲಿ.

ನಾಲ್ಕನೇ ಹೆಜ್ಜೆ: ಯಾವುದರಲ್ಲಿ ಅಲಂಕಾರ ಮಾಡುತ್ತೀರಿ?

ಕೇರಳದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ 2020ರ ಜನವರಿ 1ರಿಂದಲೇ ನಿಷೇಧ ಬಂದಿದೆ. ಇಡೀ ದೇಶಕ್ಕೆ ಬಂದದ್ದು 2022ರ ಜುಲೈ 1ರಿಂದ. ದೇಶದ ಪಟ್ಟಿಯಲ್ಲಿ ಹಬ್ಬಕ್ಕೆ ನೇರವಾಗಿ ಸಂಬಂಧಿಸಿದ್ದು ಬಹಳ ಇದೆ: ಅಲಂಕಾರದ ಥರ್ಮಾಕೋಲ್, ಪ್ಲಾಸ್ಟಿಕ್ ಬಾವುಟ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್, ಸ್ವೀಟ್ ಪೊಟ್ಟಣದ ಮೇಲೆ ಸುತ್ತುವ ತೆಳು ಹಾಳೆ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ.

ಚೌತಿಗೆ ಥರ್ಮಾಕೋಲ್ ಮಂಟಪ, ಕ್ರಿಸ್ಮಸ್‌ಗೆ ಥರ್ಮಾಕೋಲ್ ಹಿಮ, ಎರಡೂ ಈಗ ನಿಷಿದ್ಧ. ಅಂಗಡಿಯಲ್ಲಿ ಸಿಗುತ್ತದೆ ಎಂದರೆ ಬಳಸಬಹುದು ಎಂದು ಅರ್ಥ ಅಲ್ಲ. ಗೋದಲಿಗೆ ಹಿಮ ಬೇಕೆಂದರೆ ಹತ್ತಿ ಇದೆ. ಗುಡ್ಡಕ್ಕೆ ಗೋಣಿಯನ್ನು ಮಣ್ಣಿನ ನೀರಿನಲ್ಲಿ ಅದ್ದಿ ಒಣಗಿಸಿದರೆ ಸಾಕು. ಬತ್ತವನ್ನೋ ರಾಗಿಯನ್ನೋ ಸಣ್ಣ ತಟ್ಟೆಯಲ್ಲಿ ಮೊಳಕೆ ಬರಿಸಿ ಇಟ್ಟರೆ ಹಸಿರು ಹುಲ್ಲಿನ ಬಯಲೇ ಆಗುತ್ತದೆ. ಹತ್ತು ದಿನ ಮೊದಲು ಬಿತ್ತಿ.

ತೋರಣಕ್ಕೆ ನಮ್ಮ ತೋಟದಲ್ಲಿ ಇಲ್ಲದ್ದು ಏನಿದೆ? ಮಾವಿನ ಸೊಪ್ಪು, ತೆಂಗಿನ ಸಿರಿ, ಅಡಿಕೆಯ ಹಿಂಗಾರ. ಹಿಂಗಾರವನ್ನು ಬಾಗಿಲಿಗೆ ಕಟ್ಟಿದ ಮೇಲೆ ಬರುವ ಆ ಪರಿಮಳವನ್ನು ಯಾವ ಪ್ಲಾಸ್ಟಿಕ್ ಹೂವೂ ಕೊಡುವುದಿಲ್ಲ. ಆದರೆ ಒಂದು ತೋರಣಕ್ಕಾಗಿ ನಾಲ್ಕು ಗೊನೆ ಹಾಳು ಮಾಡಬೇಡಿ, ಅಡಿಕೆಯ ರೇಟು ನಿಮಗೇ ಗೊತ್ತು. ರಸ್ತೆ ಬದಿಯ ಮರಕ್ಕೆ ಮೊಳೆ ಹೊಡೆದು ಲೈಟ್ ಕಟ್ಟುವುದೂ ಬೇಡ.

ಆಗಸ್ಟ್ 15ಕ್ಕೆ ಮನೆ ಮೇಲೆ ರಾಷ್ಟ್ರಧ್ವಜ ಹಾಕುವವರಿಗೆ: 2021ರ ಡಿಸೆಂಬರಿನ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಬಾವುಟಕ್ಕೂ ಅವಕಾಶ ಇದೆ. 2022ರ ಜುಲೈಯಿಂದ ಮನೆಯಲ್ಲಿ ರಾತ್ರಿಯೂ ಹಾರಿಸಬಹುದು. ಹರಿದದ್ದು, ಮಾಸಿದ್ದು ಹಾರಿಸಬಾರದು. ಮಳೆಗೆ ಹರಿದರೆ ಕೂಡಲೇ ಇಳಿಸಿ.

ಐದನೇ ಹೆಜ್ಜೆ: ಪಟಾಕಿ ಮತ್ತು ಮೈಕು

ಸುಪ್ರೀಂ ಕೋರ್ಟು 2018ರ ಅಕ್ಟೋಬರ್ 23ರಂದು ಕೊಟ್ಟ ತೀರ್ಪು ಇದಕ್ಕೆಲ್ಲ ಆಧಾರ. ಕೇರಳ ಸರಕಾರವೂ ಅದನ್ನೇ ಪಾಲಿಸುತ್ತಿದೆ. ದೀಪಾವಳಿಗೆ ಪಟಾಕಿ ರಾತ್ರಿ 8ರಿಂದ 10ರವರೆಗೆ ಮಾತ್ರ. ಕ್ರಿಸ್ಮಸ್ ಮತ್ತು ಹೊಸ ವರ್ಷದ ರಾತ್ರಿ 11.55ರಿಂದ 12.30ರವರೆಗೆ. ಹಸಿರು ಪಟಾಕಿ, ಅಂದರೆ ಹೊಗೆ ಕಡಿಮೆ ಬರುವ ಪಟಾಕಿ ಮಾತ್ರ ಬಿಡಬಹುದು, ಪೊಟ್ಟಣದ ಮೇಲೆ ಪರಿಸರ ಸಂಶೋಧನೆಯ ‘ನೀರಿ’ ಸಂಸ್ಥೆಯ ಗುರುತು ಇದೆಯಾ ನೋಡಿ. ಮಾಲೆ ಪಟಾಕಿಗೆ ನಿಷೇಧ ಇದೆ. ಆನ್‌ಲೈನ್‌ನಲ್ಲಿ ಮಾರುವಂತಿಲ್ಲ.

ಇಲ್ಲಿ ನಮ್ಮ ಕ್ರಮಕ್ಕೂ ನಿಯಮಕ್ಕೂ ಒಂದು ತಾಕಲಾಟ ಇದೆ. ನರಕ ಚತುರ್ದಶಿಯ ದಿನ ಬೆಳಗ್ಗೆ ನಾಲ್ಕಕ್ಕೆ ಎದ್ದು, ತಲೆಗೆ ಎಣ್ಣೆ ಹಾಕಿ ಮಿಂದು, ಪಟಾಕಿ ಬಿಡುವುದು ನಮ್ಮ ಮನೆಗಳ ಅಭ್ಯಾಸ. ಅದು ಈಗ ಆಗುವುದಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸಿಡಿಯುವ ಪಟಾಕಿ ಕೂಡದು ಎಂದು ಶಬ್ದ ಮಾಲಿನ್ಯದ ನಿಯಮದಲ್ಲೇ ಇದೆ. ತಮಿಳುನಾಡಿನವರಿಗೆ ಕೋರ್ಟು ಎರಡು ಗಂಟೆಯನ್ನು ತಮಗೆ ಬೇಕಾದ ಹೊತ್ತಿಗೆ ಇಟ್ಟುಕೊಳ್ಳಲು ಬಿಟ್ಟಿತು, ಅಲ್ಲಿ ಬೆಳಗ್ಗೆ ಒಂದು ಗಂಟೆ ಹೊತ್ತು, ಸಂಜೆ ಒಂದು ಗಂಟೆ ಹೊತ್ತು ಎಂದು ಮಾಡಿಕೊಂಡಿದ್ದಾರೆ. ಕೇರಳದಲ್ಲಿ ಹಾಗಿಲ್ಲ. ನಮ್ಮ ಮನೆಯಲ್ಲಿ ಈಗ ಬೆಳಗಿನ ಜಾವ ಮಿಂದು ಬಂದ ಮಕ್ಕಳು ಹಂಡೆಯ ಒಲೆಯ ಹತ್ತಿರ ಕೂತು ಅವಲಕ್ಕಿ ತಿನ್ನುತ್ತಾರೆ. ಪಟಾಕಿ ರಾತ್ರಿಗೆ.

ಇನ್ನೊಂದು ವಿಷಯ ನಮ್ಮವರಿಗೆ ಮಾತ್ರ ಹೇಳಬೇಕಾದದ್ದು. ಮಂಗಳೂರಿಗೆ ಹೋಗಿ ಪಟಾಕಿ ತಂದು ಲೋಕಲ್ ರೈಲಿನಲ್ಲಿ ಬರುವವರು ಬಹಳ ಇದ್ದಾರೆ. ರೈಲಿನಲ್ಲಿ ಪಟಾಕಿ ಒಯ್ಯುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. 3 ವರ್ಷದವರೆಗೆ ಸಜೆ ಆಗಬಹುದು. ತುಂಬಿದ ಡಬ್ಬಿಯಲ್ಲಿ ಎಷ್ಟು ಜನ ಇರುತ್ತಾರೆ ಯೋಚಿಸಿ. ಬಸ್ಸಿನಲ್ಲೂ ತರಬೇಡಿ. ಇಲ್ಲೇ ಲೈಸೆನ್ಸ್ ಇರುವ ಅಂಗಡಿಯಲ್ಲಿ ತೆಗೆದುಕೊಳ್ಳಿ.

ಮೈಕಿನ ವಿಷಯ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಾಸದ ಜಾಗದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ನಿಮ್ಮ ಮನೆಯ ಸ್ಪೀಕರಿನ ಶಬ್ದ ನಿಮ್ಮ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗೂ ಜಾಸ್ತಿ ಇರಬಾರದು. ಇಬ್ಬರು ಸಾಧಾರಣ ದನಿಯಲ್ಲಿ ಮಾತಾಡಿದರೆ ಸುಮಾರು 60 ಆಗುತ್ತದೆ. ಅಂದರೆ ಗೇಟಿನ ಹತ್ತಿರ ನಿಂತವರು ದನಿ ಏರಿಸದೆ ಮಾತಾಡಲು ಆಗಬೇಕು. ಹೊರಗೆ ಧ್ವನಿವರ್ಧಕ ಹಾಕಬೇಕೆಂದಿದ್ದರೆ ಪೊಲೀಸರಿಂದ ಲಿಖಿತ ಅನುಮತಿ ಬೇಕು. ರಾತ್ರಿ 10ರ ಮೇಲೆ ಅದೂ ಇಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಶಾಂತ ವಲಯ.

ನಮ್ಮ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ ಕಡೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆದ ಊರುಗಳಿವು. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳು, ಈಗ ದೊಡ್ಡವರಾದ ಮಕ್ಕಳು, ನಮ್ಮ ಅಕ್ಕಪಕ್ಕದಲ್ಲೇ ಇದ್ದಾರೆ. ಅಪಸ್ಮಾರ ಇರುವವರಿದ್ದಾರೆ. ಒಂದು ಗರ್ನಾಲಿನ ಶಬ್ದಕ್ಕೆ ಬೆಚ್ಚಿ ರಾತ್ರಿಯಿಡೀ ಅಳುವ ಮಗು, ಅದರ ಜೊತೆ ಎದ್ದು ಕೂರುವ ತಾಯಿ. ನಿಯಮದಲ್ಲಿ ಎರಡು ಗಂಟೆ ಕೊಟ್ಟಿದ್ದಾರೆ ಎಂದು ಎರಡು ಗಂಟೆಯೂ ಬಿಡಬೇಕೆಂದಿಲ್ಲ. ನೆಲಚಕ್ರ, ಹೂಕುಂಡ, ಸುರುಸುರುಕಡ್ಡಿ ಸಾಕು. ಆ ಮನೆಗೆ ಮೊದಲೇ ಹೋಗಿ, "ಅಕ್ಕಾ, ಎಂಟೂವರೆಗೆ ಮಕ್ಕಳು ಸ್ವಲ್ಪ ಹೊತ್ತು ಬಿಡ್ತಾರೆ, ತೊಂದರೆ ಆದ್ರೆ ಹೇಳಿ" ಎಂದು ಒಂದು ಮಾತು ಹೇಳಿ ಬನ್ನಿ. ಹೋಗುವಾಗ ಒಂದು ತಟ್ಟೆ ಕಡುಬು ತೆಗೆದುಕೊಂಡು ಹೋಗಿ.

ಬೆಳಕೂ ಹಾಗೆಯೇ. ಫ್ಲಡ್‌ಲೈಟನ್ನು ನಿಮ್ಮ ಗೋಡೆಗೆ ತಿರುಗಿಸಿ, ಅವರ ಕಿಟಕಿಗಲ್ಲ. ತಿರುವಿನಲ್ಲಿ ಮನೆ ಇದ್ದರೆ ಮಿನುಗುವ ಬಲ್ಬು ಗಾಡಿ ಓಡಿಸುವವರ ಕಣ್ಣಿಗೆ ಹೊಡೆಯದ ಹಾಗೆ ನೋಡಿ. ರಾತ್ರಿ ಹತ್ತೂವರೆಗೆ ಆರಿಸಿಬಿಡಿ.

ಆರನೇ ಹೆಜ್ಜೆ: ಅರ್ಜಿ ಕನ್ನಡದಲ್ಲೇ ಬರೆಯಿರಿ

ಮನೆಯ ಅಲಂಕಾರಕ್ಕೆ ಅರ್ಜಿ ಬೇಕಿಲ್ಲ ಎಂದೆ. ಆದರೆ ಹಬ್ಬದ ನೆಪದಲ್ಲಿ ಪೂಜೆ, ಊಟ, ಭಜನೆ ಎಂದು 100ಕ್ಕಿಂತ ಹೆಚ್ಚು ಜನ ಸೇರುವುದಾದರೆ ಕೇರಳದ ಪಂಚಾಯತು ಕಾಯ್ದೆಗೆ ಬಂದ ಹೊಸ ತಿದ್ದುಪಡಿಯ ಪ್ರಕಾರ 3 ದಿನ ಮೊದಲೇ ಪಂಚಾಯತಿಗೆ ತಿಳಿಸಬೇಕು. ಉಳಿದ ಕಸವನ್ನು ಅವರು ಹೇಳಿದ ಕ್ರಮದಲ್ಲಿ ಕೊಡಬೇಕು. ಬಹಳ ಜನರಿಗೆ ಇದು ಗೊತ್ತೇ ಇಲ್ಲ.

ಕಾಸರಗೋಡಿನಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು. ದೂರು, ಮನವಿಯನ್ನು ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿಯೇ ಹೇಳುತ್ತದೆ. ಮಲಯಾಳ ಬಾರದು ಎಂದು ಹೆದರಿ ಮನೆಯಲ್ಲಿ ಕೂರಬೇಡಿ, ಬೇರೆಯವರ ಕೈಯಲ್ಲಿ ಬರೆಸಿ ಅರ್ಥವಾಗದ ಕಾಗದಕ್ಕೆ ಸಹಿಯೂ ಹಾಕಬೇಡಿ. ಅರ್ಜಿ ಉದ್ದ ಬೇಕಿಲ್ಲ. "ಕಾರ್ಯದರ್ಶಿಗಳಿಗೆ, ನಮ್ಮ ಗ್ರಾಮ ಪಂಚಾಯತು" ಎಂದು ಶುರು ಮಾಡಿ, ವಾರ್ಡು ನಂಬರ್, ಮನೆ ನಂಬರ್, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಸುಮಾರು ಎಷ್ಟು ಜನ, ಊಟಕ್ಕೆ ಬಾಳೆ ಎಲೆ ಮತ್ತು ಸ್ಟೀಲ್ ಲೋಟ ಬಳಸುತ್ತೇವೆ, ಕಸ ಹೀಗೆ ವಿಲೇವಾರಿ ಮಾಡುತ್ತೇವೆ ಎಂದು ಐದಾರು ಸಾಲು ಬರೆದರೆ ಆಯಿತು. ಎರಡು ಪ್ರತಿ ಮಾಡಿ. ಒಂದಕ್ಕೆ ಸೀಲು ಹಾಕಿಸಿ ವಾಪಸ್ ತನ್ನಿ. ಆ ಸೀಲು ಬಿದ್ದ ಪ್ರತಿ ಹಬ್ಬ ಮುಗಿಯುವವರೆಗೆ ಕೈಯಲ್ಲಿರಲಿ. ವಾರ್ಡು ಮೆಂಬರಿಗೂ ಒಂದು ಫೋನ್ ಮಾಡಿ ಹೇಳಿಡಿ.

ಬಾಡಿಗೆ ಮನೆಯಲ್ಲಿದ್ದರೆ ಗೋಡೆಗೆ ಮೊಳೆ ಹೊಡೆಯುವ ಮೊದಲು ಮನೆಯ ಯಜಮಾನರನ್ನು ಕೇಳಿ. ಫ್ಲಾಟಿನಲ್ಲಿದ್ದರೆ ಅಸೋಸಿಯೇಶನ್ನಿನ ನಿಯಮ ನೋಡಿ. ಮೆಟ್ಟಿಲು ಮತ್ತು ಹೊರಗೆ ಹೋಗುವ ದಾರಿಗೆ ವಯರು, ಹಣತೆ, ಹೂವಿನ ಕುಂಡ ಅಡ್ಡ ಇಡಬೇಡಿ.

ಕೊನೆಯ ಹೆಜ್ಜೆ: ಇಳಿಸುವುದು

ಕಟ್ಟುವಾಗ ಇರುವ ಉತ್ಸಾಹ ಬಿಚ್ಚುವಾಗ ಇರುವುದಿಲ್ಲ. ಜನವರಿ ಮುಗಿದರೂ ಬಣ್ಣ ಹೋದ ನಕ್ಷತ್ರ ಮಾವಿನ ಮರದಲ್ಲಿ ನೇತಾಡುತ್ತಿರುತ್ತದೆ. ಹಬ್ಬ ಮುಗಿದು ಒಂದು ವಾರದೊಳಗೆ ತೆಗೆಯಲು ಈಗಲೇ ಒಂದು ದಿನ ಗುರುತು ಮಾಡಿ.

ಪಟಾಕಿಯ ಕಾಗದ, ಪ್ಲಾಸ್ಟಿಕ್ ಹೂ, ಥರ್ಮಾಕೋಲ್ ಚೂರು ಎಲ್ಲವನ್ನೂ ಗುಡಿಸಿ ಬೆಂಕಿ ಕೊಡುವ ಅಭ್ಯಾಸ ನಮ್ಮಲ್ಲಿದೆ. ಪ್ಲಾಸ್ಟಿಕ್ ಸುಡುವುದು, ಕಂಡಲ್ಲಿ ಎಸೆಯುವುದು ಎರಡಕ್ಕೂ ಕೇರಳದಲ್ಲಿ ದಂಡ ಇದೆ. ತೋಡಿಗೋ ಹೊಳೆಗೋ ಎಸೆದರೆ 50,000 ರೂಪಾಯಿವರೆಗೂ ಹೋಗಬಹುದು, ಜೊತೆಗೆ ಸಜೆಯೂ ಇದೆ. ಎಲೆ, ಹೂ, ಸಿರಿ ಗೊಬ್ಬರದ ಗುಂಡಿಗೆ ಹಾಕಿ. ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಚೀಲದಲ್ಲಿ ಕಟ್ಟಿಡಿ. ತಿಂಗಳಿಗೊಮ್ಮೆ ಮನೆಮನೆಯ ಕಸ ಒಯ್ಯಲು ಬರುವ ಹರಿತ ಕರ್ಮ ಸೇನೆಯ ಅಕ್ಕಂದಿರಿಗೆ ಕೊಡಿ. ಬಿಸಿಲಿನಲ್ಲಿ ಗುಡ್ಡ ಹತ್ತಿ ಬರುತ್ತಾರೆ ಅವರು. ಕೊಳೆತ ಹೂವಿನ ಜೊತೆ ಕಲಸಿದ ಚೀಲವನ್ನು ಅವರ ಕೈಗೆ ಕೊಡಬೇಡಿ. ಕೆಟ್ಟ ಬಲ್ಬಿನ ಮಾಲೆ ಬೇರೆಯೇ ಇರಲಿ, ಇ-ಕಸ ತೆಗೆದುಕೊಳ್ಳುವ ದಿನ ಯಾವುದೆಂದು ಅವರನ್ನೇ ಕೇಳಿ.

ಚೆನ್ನಾಗಿರುವ ಮಾಲೆಯನ್ನು ಗಂಟು ಮಾಡಿ ಚೀಲಕ್ಕೆ ತುರುಕಿದರೆ ಮುಂದಿನ ವರ್ಷ ಬಿಡಿಸುವಾಗ ವಯರು ತುಂಡಾಗುತ್ತದೆ. ತೆಂಗಿನ ಗರಿಯ ಒಣಗಿದ ಕೊತ್ತಳಿಗೆ ಒಂದು ಮೊಳದಷ್ಟು ಕಡಿದು, ಎರಡು ತುದಿಗೂ ಕತ್ತಿಯಲ್ಲಿ ಕಚ್ಚು ಮಾಡಿ, ವಯರನ್ನು ಅದಕ್ಕೆ ಸಡಿಲವಾಗಿ ಸುತ್ತಿ. ಸುತ್ತುವಾಗಲೇ ಕೈಯಿಂದ ತಡವುತ್ತಾ ಹೋಗಿ, ಎಲ್ಲಿ ಇಲಿ ಕಚ್ಚಿದೆ, ಎಲ್ಲಿ ಪ್ಲಾಸ್ಟಿಕ್ ಸುಲಿದಿದೆ ಎಂದು ಬೆರಳಿಗೆ ಗೊತ್ತಾಗುತ್ತದೆ. ಪ್ಲಗ್ಗಿನ ತುದಿ ಮೇಲೆ ಬರುವ ಹಾಗೆ ಇಟ್ಟು ಅಟ್ಟಕ್ಕೆ ಹಾಕಿ.